ಕುರ್ಚಿ ಖಾಲಿಯಿರುವಾಗ ಆಳುವವರು ಯಾರು?

(ಬನ್ನಂಜೆಯಲ್ಲಿ ಜರಗಿದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



‘ರಾಜಕೀಯ ಬಿಕ್ಕಟ್ಟು ಮತ್ತು ಅಧಿಕಾರದ ಸಮತೋಲನ’ ಎಂಬುದು ಇಂದು ನಮಗೆ ಕೊಡಲಾಗಿರುವ ವಿಷಯ. ಈ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ದಿಲ್ಲಿಗೋ ಬೆಂಗಳೂರಿಗೋ ಹೋಗುತ್ತದೆ. ರೆಸಾರ್ಟಿನ ಗೇಟು, ರಾಜಭವನದ ಮುಂದೆ ಸಾಲುಗಟ್ಟಿದ ಕಾರುಗಳು, ಟಿ.ವಿ. ಪರದೆಯ ಮೇಲೆ ಏರಿಳಿಯುವ ಸಂಖ್ಯೆಗಳು ಕಣ್ಣ ಮುಂದೆ ಬರುತ್ತವೆ. ಆದರೆ ನಾವು ಮಾತನ್ನು ಅಲ್ಲಿಂದ ಆರಂಭಿಸುವುದಿಲ್ಲ. ನಾವೀಗ ಕುಳಿತಿರುವ ಈ ಬನ್ನಂಜೆಯಿಂದಲೇ ಆರಂಭಿಸೋಣ.

2020ರ ಸೆಪ್ಟೆಂಬರ್ 20ರ ಆ ಬೆಳಗನ್ನು ಇಲ್ಲಿರುವ ಅನೇಕರು ಮರೆತಿರಲಾರರು. ರಾತ್ರಿಯಿಡೀ ಸುರಿದ ಮಳೆಗೆ ಇಂದ್ರಾಣಿ ಹೊಳೆ ಉಕ್ಕಿತು. ಕಲ್ಸಂಕ, ಬೈಲಕೆರೆ, ಮೂಡನಿಡಂಬೂರು, ಬನ್ನಂಜೆಯ ತಗ್ಗು ಪ್ರದೇಶಗಳು ಜಲಾವೃತಗೊಂಡವು. ನಡುರಾತ್ರಿ ಮನೆಯೊಳಗೆ ನೀರು ನುಗ್ಗಿದಾಗ ಮಕ್ಕಳನ್ನೂ ವೃದ್ಧರನ್ನೂ ಎತ್ತಿಕೊಂಡು ಹೊರಬಂದವರು ಈ ಸಭೆಯಲ್ಲೇ ಇರಬಹುದು. ಅಂದು ದೋಣಿಗಳು ಬಂದವು, ರಕ್ಷಣಾ ಪಡೆ ಬಂತು. ಯುವಕರು ಜಾತಿ ಧರ್ಮ ನೋಡದೆ ನೀರಿಗಿಳಿದರು. ಆದರೆ ಅಂದು ಉಡುಪಿ ನಗರಸಭೆಗೆ ಅಧ್ಯಕ್ಷರಿರಲಿಲ್ಲ. ಉಪಾಧ್ಯಕ್ಷರೂ ಇರಲಿಲ್ಲ.

ಇದಕ್ಕಿಂತ ಒಂದು ವರ್ಷ ಮುಂಚೆ, 2019ರ ಮೇ ತಿಂಗಳಲ್ಲಿ, ಪರಿಸ್ಥಿತಿ ಇದಕ್ಕೆ ತದ್ವಿರುದ್ಧವಾಗಿತ್ತು. ನಗರಕ್ಕೆ ಕುಡಿಯುವ ನೀರುಣಿಸುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿಹೋಗಿತ್ತು. ನದಿಯ ಹೊಂಡಗಳಲ್ಲಿ ಉಳಿದಿದ್ದ ನೀರನ್ನು ಪಂಪಿನಿಂದ ಎತ್ತಿ ತರಬೇಕಾಯಿತು. ಕೊಡಗಳನ್ನು ಹಿಡಿದು ಟ್ಯಾಂಕರಿಗಾಗಿ ಕಾಯುವ ದೃಶ್ಯ ವರ್ಷಕ್ಕೆ ನೂರಾರು ಅಂಗುಲ ಮಳೆ ಬೀಳುವ ಈ ಊರಿನಲ್ಲೂ ಕಂಡುಬಂತು. ಆಗಲೂ ನಗರಸಭೆಗೆ ಅಧ್ಯಕ್ಷರಿರಲಿಲ್ಲ.

ಕಾರಣವೇನು? ಜನರು ಮತ ಹಾಕಿರಲಿಲ್ಲವೇ? ಹಾಕಿದ್ದರು. 2018ರ ಆಗಸ್ಟ್ 31ರಂದು ಮತದಾನ ನಡೆದು ಸೆಪ್ಟೆಂಬರ್ ಮೊದಲ ವಾರದಲ್ಲಿ ಫಲಿತಾಂಶ ಬಂದಿತ್ತು. ಹಾಗಾದರೆ ಯಾರಿಗೂ ಬಹುಮತ ಬಂದಿರಲಿಲ್ಲವೇ? ಅದೂ ಅಲ್ಲ. 35 ವಾರ್ಡುಗಳ ಪೈಕಿ 31ನ್ನು ಒಂದೇ ಪಕ್ಷ ಗೆದ್ದಿತ್ತು. ಇದಕ್ಕಿಂತ ಸ್ಪಷ್ಟವಾದ ಜನಾದೇಶ ಇನ್ನೊಂದಿಲ್ಲ. ಇಷ್ಟಿದ್ದೂ 2020ರ ಅಕ್ಟೋಬರ್ ತನಕ, ಅಂದರೆ ಎರಡು ವರ್ಷಕ್ಕೂ ಮಿಕ್ಕಿ, ಆ ಕುರ್ಚಿ ಖಾಲಿಯಾಗಿಯೇ ಇತ್ತು.

ಗೆದ್ದವರು ಸೋಮಾರಿಗಳಾಗಿದ್ದರೆಂದು ಇದರ ಅರ್ಥವಲ್ಲ. ರಾಜ್ಯದ ನಗರಸಭೆ, ಪುರಸಭೆಗಳ ಅಧ್ಯಕ್ಷ ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿಯನ್ನು ರಾಜ್ಯ ಸರಕಾರ ಹೊರಡಿಸಿತು. ಸರದಿ ತಪ್ಪಿದೆಯೆಂದು ಕೆಲವರು ಹೈಕೋರ್ಟಿನ ಮೆಟ್ಟಿಲೇರಿದರು. ಸರಕಾರ ಬದಲಾಯಿತು, ಪಟ್ಟಿಯೂ ಬದಲಾಯಿತು. ಮತ್ತೆ ದಾವೆಗಳಾದವು. ಹೀಗೆ ಬೆಂಗಳೂರಿನ ಕಡತ ಮತ್ತು ಕೋರ್ಟಿನ ವಾಯಿದೆಗಳ ನಡುವೆ ಇಡೀ ರಾಜ್ಯದ ಹತ್ತಾರು ಪಟ್ಟಣಗಳು ನೆನೆಗುದಿಗೆ ಬಿದ್ದವು. ಗೆದ್ದ ಸದಸ್ಯರಿಗೆ ಗೆದ್ದ ಪ್ರಮಾಣಪತ್ರವಿತ್ತು, ಅಧಿಕಾರವಿರಲಿಲ್ಲ. ಜನರು ಅವರ ಮನೆ ಬಾಗಿಲಿಗೆ ಹೋದರೆ, ‘ನಮ್ಮ ಕೈಯಲ್ಲಿ ಏನೂ ಇಲ್ಲ’ ಎಂದು ಅವರು ಹೇಳಬಹುದಿತ್ತು. ಅದು ಸುಳ್ಳೂ ಆಗಿರಲಿಲ್ಲ.

ಕೊನೆಗೊಮ್ಮೆ ಅಧ್ಯಕ್ಷರ ಆಯ್ಕೆಯಾಯಿತು. ಎರಡೂವರೆ ವರ್ಷದ ಮೊದಲ ಅವಧಿ 2023ರಲ್ಲಿ ಮುಗಿಯಿತು. ಆಗ ಪುನಃ ಅದೇ ಕಥೆ. ಎರಡನೆಯ ಅವಧಿಯ ಮೀಸಲಾತಿ ಪಟ್ಟಿ ಬರಲಿಲ್ಲ, ಕುರ್ಚಿ ಮತ್ತೆ ಖಾಲಿಯಾಯಿತು. 2024ರ ಆಗಸ್ಟಿನಲ್ಲಷ್ಟೇ ಹೊಸ ಅಧ್ಯಕ್ಷರ ಆಯ್ಕೆ ನಡೆಯಿತು. ಮೊದಲ ಬಾರಿಯ ವಿಳಂಬದಲ್ಲಿ ಕಾಂಗ್ರೆಸ್-ಜನತಾದಳ ಮೈತ್ರಿ ಸರಕಾರದ ಪಾಲೂ ಇತ್ತು, ಬಿಜೆಪಿ ಸರಕಾರದ ಪಾಲೂ ಇತ್ತು. ಎರಡನೆಯ ಬಾರಿಯ ವಿಳಂಬದ ಬಹುಭಾಗ ಕಾಂಗ್ರೆಸ್ ಸರಕಾರದ ಕಾಲದ್ದು. ಆದ್ದರಿಂದ ನಾವು ಇಲ್ಲಿ ಯಾವ ಪಕ್ಷದ ವಕಾಲತ್ತನ್ನೂ ವಹಿಸಬೇಕಾಗಿಲ್ಲ.

ಇದರಲ್ಲಿ ಗಮನಿಸಲೇಬೇಕಾದ ಇನ್ನೊಂದು ಸೂಕ್ಷ್ಮವಿದೆ. ಸಂವಿಧಾನದ 243ಯು ವಿಧಿಯು ಪೌರಸಂಸ್ಥೆಗಳ ಅವಧಿ ಐದು ವರ್ಷ ಎನ್ನುತ್ತದೆ. ಆದರೆ ಆ ಐದು ವರ್ಷದ ಎಣಿಕೆ ಮತ ಎಣಿಸಿದ ದಿನದಿಂದ ಅಲ್ಲ, ಮೊದಲ ಸಭೆಗೆ ಗೊತ್ತುಪಡಿಸಿದ ದಿನದಿಂದ. ಮೊದಲ ಸಭೆಯನ್ನೇ ಕರೆಯದಿದ್ದರೆ? ಗಡಿಯಾರ ಓಡುವುದೇ ಇಲ್ಲ! ಹೀಗಾಗಿ ನಾವು 2018ರಲ್ಲಿ ಹಾಕಿದ ಮತದ ಆಯುಷ್ಯ ಏಳು ವರ್ಷಗಳವರೆಗೆ ಎಳೆಯಿತು. ಅದರಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ನಮಗೆ ಅಧ್ಯಕ್ಷರಿರಲಿಲ್ಲ. ಐದು ವರ್ಷಕ್ಕೊಮ್ಮೆ ತನ್ನ ಪ್ರತಿನಿಧಿಯನ್ನು ಬದಲಿಸುವ ಪ್ರಜೆಯ ಹಕ್ಕನ್ನು ಯಾರೂ ರದ್ದುಪಡಿಸಲಿಲ್ಲ, ಯಾವ ತುರ್ತುಸ್ಥಿತಿಯೂ ಘೋಷಣೆಯಾಗಲಿಲ್ಲ. ಆದರೂ ಅದು ಸದ್ದಿಲ್ಲದೆ ಕೈತಪ್ಪಿತು.

ಸ್ನೇಹಿತರೇ, ಪ್ರವಾಹಕ್ಕೂ ಬರಕ್ಕೂ ಅಧ್ಯಕ್ಷರ ಗೈರುಹಾಜರಿಯೇ ಕಾರಣವೆಂದು ನಾವು ಹೇಳುತ್ತಿಲ್ಲ. ಅಧ್ಯಕ್ಷರಿದ್ದಿದ್ದರೂ ಮಳೆ ಬರುತ್ತಿತ್ತು. ನಮ್ಮ ಪ್ರಶ್ನೆ ಬೇರೆ. ಮಳೆಗಾಲಕ್ಕೆ ಮುನ್ನ ತೋಡುಗಳ ಹೂಳೆತ್ತಲು ಎಷ್ಟು ಹಣ ಖರ್ಚಾಯಿತು, ಹೊಳೆಯ ಪಾತ್ರಕ್ಕೆ ಮಣ್ಣು ತುಂಬಿಸಿ ಕಟ್ಟಡ ಕಟ್ಟಲು ಯಾರು ಪರವಾನಗಿ ಕೊಟ್ಟರು, ಬೇಸಗೆಯಲ್ಲಿ ಯಾವ ವಾರ್ಡಿಗೆ ಎಷ್ಟು ಟ್ಯಾಂಕರ್ ನೀರು ಹೋಯಿತು ಎಂದು ಸಭೆಯಲ್ಲಿ ಎದ್ದುನಿಂತು ಕೇಳುವವರು ಯಾರು? ಉತ್ತರಿಸಬೇಕಾದವರು ಯಾರು? ಸರಕಾರಿ ಅಧಿಕಾರಿಯೊಬ್ಬರು ಆಡಳಿತಾಧಿಕಾರಿಯಾಗಿ ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಅವರು ಪ್ರಾಮಾಣಿಕರೂ ದಕ್ಷರೂ ಆಗಿರಬಹುದು. ಆದರೆ ಅವರು ಉತ್ತರಿಸಬೇಕಾದುದು ತಮ್ಮ ಮೇಲಿನವರಿಗೇ ಹೊರತು ನಮಗಲ್ಲ. ನಾಳೆ ವರ್ಗಾವಣೆಯಾದರೆ ಅವರು ಹೊರಟುಹೋಗುತ್ತಾರೆ. ನೀರು ನುಗ್ಗಿದ ಮನೆ ಇಲ್ಲೇ ಇರುತ್ತದೆ.

ಆದ್ದರಿಂದ ಮೊದಲು ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಅಧಿಕಾರದ ಸಮತೋಲನ ಬೇರೆ, ಅಧಿಕಾರ ಸ್ತಂಭನ ಬೇರೆ. ಅಂಗಡಿಯ ತಕ್ಕಡಿಯನ್ನು ನೋಡಿ. ಎರಡು ತಟ್ಟೆಗಳು ಸಮವಾಗಿ ನಿಂತರೆ ತೂಕ ಸರಿಯಾಯಿತೆಂದು ಅರ್ಥ. ವ್ಯಾಪಾರಿಗೂ ನಷ್ಟವಿಲ್ಲ, ಗ್ರಾಹಕನಿಗೂ ಮೋಸವಿಲ್ಲ. ಇದು ಸಮತೋಲನ. ಆದರೆ ಅಂಗಡಿಯ ಬಾಗಿಲು ಮುಚ್ಚಿ, ಮೊಳೆಗೆ ನೇತುಹಾಕಿದ ತಕ್ಕಡಿಯ ತಟ್ಟೆಗಳೂ ಸಮವಾಗಿಯೇ ನಿಂತಿರುತ್ತವೆ. ನೋಡುವವರಿಗೆ ಎರಡೂ ಒಂದೇ. ಆದರೆ ಎರಡನೆಯದರಿಂದ ಯಾರ ಮನೆಗೂ ಅಕ್ಕಿ ತಲುಪುವುದಿಲ್ಲ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳು ಒಂದನ್ನೊಂದು ತಡೆಯುವುದು ಯಾರೂ ನಿರಂಕುಶರಾಗಬಾರದು ಎಂಬ ಕಾರಣಕ್ಕೆ. ಕೆಲಸವೇ ನಡೆಯಬಾರದು ಎಂಬ ಕಾರಣಕ್ಕಲ್ಲ.

ಇನ್ನು ಬೆಂಗಳೂರಿನ ಕಡೆಗೆ ಬರೋಣ. 2004ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜಾತ್ಯತೀತ ಜನತಾದಳಕ್ಕೆ 58 ಸ್ಥಾನಗಳು ಬಂದವು. 224ರ ಸದನದಲ್ಲಿ ಯಾರಿಗೂ ಬಹುಮತವಿರಲಿಲ್ಲ. ಕೋಮುವಾದವನ್ನು ದೂರವಿಡುವ ಹೆಸರಿನಲ್ಲಿ ಕಾಂಗ್ರೆಸ್ ಮತ್ತು ಜನತಾದಳ ಕೈಜೋಡಿಸಿ ಧರ್ಮಸಿಂಗ್ ಮುಖ್ಯಮಂತ್ರಿಯಾದರು. 2006ರ ಫೆಬ್ರವರಿ 3ರಂದು ಅದೇ ಜನತಾದಳದ ಎಚ್.ಡಿ. ಕುಮಾರಸ್ವಾಮಿಯವರು ಬಿಜೆಪಿಯ ಬೆಂಬಲದಿಂದ ಮುಖ್ಯಮಂತ್ರಿಯಾದರು. ತಲಾ ಇಪ್ಪತ್ತು ತಿಂಗಳಂತೆ ಅಧಿಕಾರ ಹಂಚಿಕೊಳ್ಳುವುದೆಂದು ಒಪ್ಪಂದವಾಯಿತು. ಇಪ್ಪತ್ತು ತಿಂಗಳು ಕಳೆದು 2007ರ ಅಕ್ಟೋಬರ್ ಬಂದಾಗ ಕುರ್ಚಿ ಹಸ್ತಾಂತರವಾಗಲಿಲ್ಲ. ರಾಷ್ಟ್ರಪತಿ ಆಡಳಿತ ಬಂತು. ನವೆಂಬರ್ 12ರಂದು ಬಿ.ಎಸ್. ಯಡಿಯೂರಪ್ಪನವರು ಪ್ರಮಾಣವಚನ ಸ್ವೀಕರಿಸಿದರು, ಏಳೇ ದಿನಗಳಲ್ಲಿ ರಾಜೀನಾಮೆ ಕೊಟ್ಟರು. ಮತ್ತೆ ರಾಷ್ಟ್ರಪತಿ ಆಡಳಿತ. ಒಂದೇ ವಿಧಾನಸಭೆ ಮೂವರು ಮುಖ್ಯಮಂತ್ರಿಗಳನ್ನೂ ಎರಡು ಬಾರಿ ರಾಷ್ಟ್ರಪತಿ ಆಡಳಿತವನ್ನೂ ಕಂಡಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಸಮ್ಮಿಶ್ರ ಸರಕಾರವೇ ಕೆಟ್ಟದ್ದೆಂದು ಅಂದಿನಿಂದ ನಮ್ಮ ರಾಜ್ಯದಲ್ಲಿ ಒಂದು ಅಭಿಪ್ರಾಯ ಬೇರೂರಿತು. ಗಟ್ಟಿ ಸರಕಾರ ಬೇಕು, ಪ್ರಶ್ನಿಸುವವರಿಲ್ಲದ ಬಹುಮತ ಬೇಕು ಎಂಬ ಮಾತು ಕೇಳಿಬರತೊಡಗಿತು. 2008ರಲ್ಲಿ 110 ಸ್ಥಾನ ಪಡೆದ ಪಕ್ಷ, ಬಹುಮತಕ್ಕೆ ಬೇಕಾದ ಮೂವರನ್ನು ಪಕ್ಷೇತರರಲ್ಲಿ ಪಡೆದುಕೊಂಡ ಬಳಿಕವೂ ತೃಪ್ತವಾಗದೆ, ವಿರೋಧ ಪಕ್ಷಗಳ ಶಾಸಕರಿಂದ ರಾಜೀನಾಮೆ ಕೊಡಿಸಿ ಮರುಚುನಾವಣೆಯಲ್ಲಿ ಗೆಲ್ಲಿಸಿಕೊಳ್ಳುವ ದಾರಿ ಹಿಡಿಯಿತು. ‘ಆಪರೇಷನ್ ಕಮಲ’ ಎಂಬ ಪದವನ್ನು ಕರ್ನಾಟಕವು ದೇಶದ ರಾಜಕೀಯ ಶಬ್ದಕೋಶಕ್ಕೆ ಕೊಡುಗೆಯಾಗಿ ನೀಡಿತು. ಆದರೆ ಹೀಗೆ ಕಟ್ಟಿದ ಬಹುಮತ ಗಟ್ಟಿಯಾಯಿತೇ? 2010ರ ಅಕ್ಟೋಬರಿನಲ್ಲಿ ಸ್ವಪಕ್ಷೀಯರೇ ತಿರುಗಿಬಿದ್ದರು. ವಿಶ್ವಾಸಮತಕ್ಕೆ ಮುನ್ನ ಸ್ಪೀಕರ್ ಹನ್ನೊಂದು ಬಿಜೆಪಿ ಶಾಸಕರನ್ನೂ ಐವರು ಪಕ್ಷೇತರರನ್ನೂ ಅನರ್ಹಗೊಳಿಸಿದರು. 2011ರ ಮೇ ತಿಂಗಳಲ್ಲಿ ಸುಪ್ರೀಮ್ ಕೋರ್ಟು ಆ ಆದೇಶವನ್ನು ರದ್ದುಗೊಳಿಸಿತು. ಅಷ್ಟರಲ್ಲಿ ಸರಕಾರ ಉಳಿದುಕೊಂಡಾಗಿತ್ತು.

2018ರಲ್ಲಿ ಇತಿಹಾಸ ಮರುಕಳಿಸಿತು. ಬಿಜೆಪಿಗೆ 104 ಸ್ಥಾನಗಳಿದ್ದವು, ಬಹುಮತವಿರಲಿಲ್ಲ. ಮತದಾನ ನಡೆದ 222 ಕ್ಷೇತ್ರಗಳಲ್ಲಿ ಕಾಂಗ್ರೆಸ್ 78, ಜನತಾದಳ 37 ಗೆದ್ದು ಒಂದಾಗಿದ್ದವು. ಆದರೂ ರಾಜ್ಯಪಾಲರು ಮೊದಲು ಕರೆದದ್ದು ಬಿಜೆಪಿಯನ್ನು, ಬಹುಮತ ತೋರಿಸಲು ಕೊಟ್ಟದ್ದು ಹದಿನೈದು ದಿನ. ಹದಿನೈದು ದಿನಗಳಲ್ಲಿ ಶಾಸಕರ ಮನಸ್ಸು ಹೇಗೆ ಬದಲಾಗುತ್ತದೆಂಬುದನ್ನು ನಾವು ವಿವರಿಸಬೇಕಾಗಿಲ್ಲ. ನಡುರಾತ್ರಿಯಲ್ಲಿ ಸುಪ್ರೀಮ್ ಕೋರ್ಟಿನ ಬಾಗಿಲು ತಟ್ಟಲಾಯಿತು. ಮೇ 19ರಂದೇ ಬಹುಮತ ಸಾಬೀತಾಗಬೇಕೆಂದು ಕೋರ್ಟು ಆದೇಶಿಸಿತು, ಅಂದೇ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಬಳಿಕ ಬಂದ ಮೈತ್ರಿ ಸರಕಾರದ ಆಯುಷ್ಯ ಹದಿನಾಲ್ಕು ತಿಂಗಳು. 2019ರ ಜುಲೈ 23ರಂದು 99-105 ಮತಗಳಿಂದ ಅದು ಸೋತಿತು. ಅದಕ್ಕೆ ಮುನ್ನ ಶಾಸಕರು ರಾಜೀನಾಮೆ ಕೊಟ್ಟು ಮುಂಬಯಿಯ ಹೊಟೇಲು ಸೇರಿದ್ದನ್ನೂ, ವಾರಗಟ್ಟಲೆ ಸರಕಾರವೊಂದು ಇದ್ದೂ ಇಲ್ಲದಂತಿದ್ದುದನ್ನೂ ನಾವೆಲ್ಲ ನೋಡಿದ್ದೇವೆ.

ಆ ಬಳಿಕ ನಡೆದದ್ದನ್ನು ಮಾತ್ರ ಬಹಳ ಮಂದಿ ಮರೆತಿದ್ದಾರೆ. 2019ರ ಜುಲೈ 26ರಂದು ಯಡಿಯೂರಪ್ಪನವರು ಮುಖ್ಯಮಂತ್ರಿಯಾದರು. ಆಗಸ್ಟ್ 20ರ ತನಕ ಅವರ ಸಂಪುಟದಲ್ಲಿ ಇನ್ನೊಬ್ಬ ಸಚಿವರಿರಲಿಲ್ಲ. ಆ ಇಪ್ಪತ್ತೈದು ದಿನಗಳಲ್ಲೇ ಬೆಳಗಾವಿ, ಬಾಗಲಕೋಟೆ, ಕೊಡಗು, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಪ್ರವಾಹ, ಭೂಕುಸಿತ ಸಂಭವಿಸಿತು. ಸಾವಿರಾರು ಮಂದಿ ಪರಿಹಾರ ಶಿಬಿರ ಸೇರಿದರು. ರಾಜ್ಯಕ್ಕೆ ಕಂದಾಯ ಸಚಿವರಿಲ್ಲ, ಜಿಲ್ಲೆಗಳಿಗೆ ಉಸ್ತುವಾರಿ ಸಚಿವರಿಲ್ಲ. ಹಾಗೆ ನೋಡಿದರೆ ಬನ್ನಂಜೆಯ ಕಥೆಯೂ ಬೆಳಗಾವಿಯ ಕಥೆಯೂ ಒಂದೇ. ಕುರ್ಚಿಯ ಲೆಕ್ಕಾಚಾರ ಮುಗಿಯುವ ತನಕ ಮಳೆ ಕಾಯುವುದಿಲ್ಲ.

ಪಕ್ಷಾಂತರವನ್ನು ತಡೆಯಲು 1985ರಲ್ಲೇ ಸಂವಿಧಾನಕ್ಕೆ 52ನೇ ತಿದ್ದುಪಡಿ ತರಲಾಗಿತ್ತು. 2003ರ 91ನೇ ತಿದ್ದುಪಡಿಯು ಅದನ್ನು ಬಿಗಿಗೊಳಿಸಿತು. ಸಂಪುಟದ ಗಾತ್ರ ಸದನದ ಶೇ. 15ನ್ನು ಮೀರಬಾರದೆಂದೂ ವಿಧಿಸಿತು. ನಮ್ಮ ರಾಜ್ಯಕ್ಕೆ ಅದು ಮುಖ್ಯಮಂತ್ರಿ ಸೇರಿ 34. ಬಾಗಿಲಿಗೆ ಬೀಗ ಹಾಕಿದಾಗ ಕಿಟಕಿಯಿಂದ ಹೊರಬೀಳುವ ದಾರಿಯನ್ನು ಶಾಸಕರು ಕಂಡುಕೊಂಡರು. ಪಕ್ಷಾಂತರ ಮಾಡಬೇಡಿ, ರಾಜೀನಾಮೆ ಕೊಡಿ, ಇನ್ನೊಂದು ಚಿಹ್ನೆಯಲ್ಲಿ ಗೆದ್ದು ಬನ್ನಿ, ಸಚಿವರಾಗಿ! 2019ರ ನವೆಂಬರ್ 13ರಂದು ಸುಪ್ರೀಮ್ ಕೋರ್ಟು 17 ಶಾಸಕರ ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ಮರುಚುನಾವಣೆಗೆ ನಿಲ್ಲಬಹುದೆಂದಿತು. ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದು 12ರಲ್ಲಿ ಬಿಜೆಪಿ ಗೆದ್ದಿತು. ಇಲ್ಲಿ ನಾವು ಶಾಸಕರನ್ನಷ್ಟೇ ದೂಷಿಸಿ ಕೈತೊಳೆದುಕೊಳ್ಳುವಂತಿಲ್ಲ. ಅವರಿಗೆ ಮತ್ತೆ ಮತ ಹಾಕಿದವರು ಮತದಾರರೇ ತಾನೇ?

ಸರಕಾರವೊಂದಕ್ಕೆ ಬಹುಮತವಿದೆಯೇ ಇಲ್ಲವೇ ಎಂಬುದನ್ನು ತೀರ್ಮಾನಿಸಬೇಕಾದ ಸ್ಥಳ ಯಾವುದು ಎಂಬ ಪ್ರಶ್ನೆಗೆ ದೇಶಕ್ಕೆ ಉತ್ತರ ಸಿಕ್ಕಿದ್ದು ಕರ್ನಾಟಕದಿಂದಲೇ. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿಯವರ ಸರಕಾರವನ್ನು ವಜಾಗೊಳಿಸಲಾಯಿತು. 19 ಶಾಸಕರು ಬೆಂಬಲ ಹಿಂತೆಗೆದುಕೊಂಡ ಪತ್ರಗಳನ್ನು ಹಿಡಿದು ರಾಜ್ಯಪಾಲರು ದಿಲ್ಲಿಗೆ ವರದಿ ಕಳಿಸಿದ್ದರು. ಸದನದಲ್ಲಿ ಬಹುಮತ ಸಾಬೀತುಪಡಿಸಲು ಅವಕಾಶ ಕೊಡಿ ಎಂಬ ಮುಖ್ಯಮಂತ್ರಿಯ ಮನವಿಗೆ ಬೆಲೆ ಸಿಗಲಿಲ್ಲ. 1994ರ ಮಾರ್ಚ್ 11ರಂದು ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು, ಬಹುಮತದ ಪರೀಕ್ಷೆ ನಡೆಯಬೇಕಾದುದು ರಾಜಭವನದಲ್ಲಲ್ಲ, ಸದನದಲ್ಲಿ ಎಂದು ಸಾರಿತು. ಜಾತ್ಯತೀತತೆಯು ಸಂವಿಧಾನದ ಮೂಲಭೂತ ಲಕ್ಷಣವೆಂದೂ ಅದೇ ತೀರ್ಪು ಸ್ಪಷ್ಟಪಡಿಸಿತು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಬೊಮ್ಮಾಯಿಯವರಿಗೆ ಅದರಿಂದ ಕುರ್ಚಿ ಮರಳಿ ಸಿಗಲಿಲ್ಲ. ಆದರೆ ಮುಂದಿನವರಿಗೆ ಕೋಟೆ ಉಳಿಯಿತು. 2018ರ ಮೇ 18ರ ಆದೇಶ ನಿಂತದ್ದು ಅದೇ ಅಡಿಪಾಯದ ಮೇಲೆ.

ಇನ್ನೊಂದು ವಿಧದ ಸ್ತಂಭನವಿದೆ. ಸದನವು ಮಸೂದೆಯನ್ನು ಅಂಗೀಕರಿಸುತ್ತದೆ, ಆದರೆ ಅಂಕಿತ ಬೀಳುವುದಿಲ್ಲ. ಸರಕಾರಿ ಗುತ್ತಿಗೆಗಳಲ್ಲಿ ಪ್ರವರ್ಗ 2ಬಿಗೆ, ಅಂದರೆ ಮುಸ್ಲಿಮರಿಗೆ, ಶೇ. 4 ಮೀಸಲಾತಿ ನೀಡುವ ಮಸೂದೆ 2025ರ ಮಾರ್ಚಿನಲ್ಲಿ ಉಭಯ ಸದನಗಳಲ್ಲಿ ಅಂಗೀಕಾರವಾಯಿತು. ಏಪ್ರಿಲಿನಲ್ಲಿ ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾದಿರಿಸಿದರು. ಅದೇ ತಿಂಗಳು, ತಮಿಳುನಾಡಿನ ಪ್ರಕರಣದಲ್ಲಿ, ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಾಧೀಶರ ಪೀಠವು ರಾಜ್ಯಪಾಲರಿಗೆ ಕಾಲಮಿತಿ ಹಾಕಿತು. ನವೆಂಬರಿನಲ್ಲಿ ರಾಷ್ಟ್ರಪತಿಗಳು ಕೇಳಿದ ಪ್ರಶ್ನೆಗಳಿಗೆ ಉತ್ತರಿಸಿದ ಐವರ ಪೀಠವು, ಅಂಥ ಕಾಲಮಿತಿಯನ್ನು ಕೋರ್ಟು ವಿಧಿಸುವಂತಿಲ್ಲ ಎಂದಿತು. ಆದರೆ ಕಾರಣವಿಲ್ಲದ ದೀರ್ಘ ವಿಳಂಬವನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದೆಂಬ ಬಾಗಿಲನ್ನು ತೆರೆದಿಟ್ಟಿತು. ಆ ಮೀಸಲಾತಿ ಸರಿಯೇ ತಪ್ಪೇ ಎಂಬ ಚರ್ಚೆಗೆ ಎರಡು ಕಡೆಗಳಿರಬಹುದು. ‘ಇಲ್ಲ’ ಎಂಬುದೂ ಒಂದು ಉತ್ತರವೇ. ಅದನ್ನು ಪ್ರಶ್ನಿಸಬಹುದು, ತಿದ್ದಿಸಬಹುದು. ಉತ್ತರವನ್ನೇ ಕೊಡದಿರುವುದು ಮಾತ್ರ ಯಾವ ತಕ್ಕಡಿಯ ನ್ಯಾಯ?

ಈಗ ಒಂದು ಆಕ್ಷೇಪವನ್ನು ಎದುರಿಸಬೇಕು. ‘ಇಷ್ಟೆಲ್ಲ ತಡೆಗಳು ಏಕೆ? ಒಬ್ಬ ಬಲಿಷ್ಠ ನಾಯಕ, ಒಂದು ಬಲಿಷ್ಠ ಪಕ್ಷ ಇದ್ದರೆ ಎಲ್ಲವೂ ಸರಾಗ’ ಎನ್ನುವವರಿದ್ದಾರೆ. ನಮ್ಮ ಸಮುದಾಯದಲ್ಲೂ ಇದ್ದಾರೆ. ತಮಗೆ ಬೇಕಾದ ಪಕ್ಷ ಗೆದ್ದಾಗ ಅವರು ಹೀಗೆ ಹೇಳುತ್ತಾರೆ, ಬೇಡವಾದ ಪಕ್ಷ ಗೆದ್ದಾಗ ಸಂವಿಧಾನವನ್ನು ನೆನೆಯುತ್ತಾರೆ. 2023ರ ಮಾರ್ಚಿನಲ್ಲಿ, ಚುನಾವಣೆಗೆ ವಾರಗಳಿರುವಾಗ, ಅಂದಿನ ಸರಕಾರವು 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ಕಿತ್ತು ಇತರ ಎರಡು ಸಮುದಾಯಗಳಿಗೆ ತಲಾ ಎರಡರಂತೆ ಹಂಚಿತು. ಆ ಸರಕಾರಕ್ಕೆ ಸದನದಲ್ಲಿ ಬಹುಮತವಿತ್ತು, ತಡೆಯುವ ಸಂಖ್ಯಾಬಲ ವಿರೋಧ ಪಕ್ಷಕ್ಕಿರಲಿಲ್ಲ. ಆದರೆ ಸುಪ್ರೀಮ್ ಕೋರ್ಟಿನಲ್ಲಿ ಪ್ರಶ್ನೆ ಎದ್ದಾಗ, ಸದ್ಯಕ್ಕೆ ಅದನ್ನು ಜಾರಿಗೊಳಿಸುವುದಿಲ್ಲವೆಂದು ಸರಕಾರವೇ ಭರವಸೆ ಕೊಡಬೇಕಾಯಿತು. ಕೈಯೆತ್ತಿ ಎಣಿಸಿದರೆ ಸದಾ ಸೋಲುವ ಸ್ಥಾನದಲ್ಲಿರುವವರಿಗೆ ಅಧಿಕಾರದ ಸಮತೋಲನವೆಂಬುದು ಪಠ್ಯಪುಸ್ತಕದ ವಿಷಯವಲ್ಲ. ಅದು ಮಗಳ ಕಾಲೇಜು ಸೀಟು, ಮಗನ ಉದ್ಯೋಗ.

ಅಷ್ಟಕ್ಕೂ, ಅಲ್ಪಬಲದ ಸರಕಾರಗಳಿಂದ ದೊಡ್ಡ ಕೆಲಸ ಆಗುವುದಿಲ್ಲ ಎಂಬ ಮಾತು ನಿಜವೇ? 1983ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದಾಗ ಜನತಾ ಪಕ್ಷಕ್ಕೆ ಬಹುಮತವಿರಲಿಲ್ಲ. ಹೊರಗಿನವರ ಬೆಂಬಲದ ಮೇಲೆ ಆ ಸರಕಾರ ನಿಂತಿತ್ತು. ಆ ಸರಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದವರು ಗುಂಡ್ಲುಪೇಟೆಯ ಅಬ್ದುಲ್ ನಝೀರ್ ಸಾಬ್. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎಂದು ಹೆಸರಾದವರು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತುಗಳ 1983ರ ಮಸೂದೆಯನ್ನು ಮಂಡಿಸಿದವರು ಅವರೇ. ಸದನ ಅಂಗೀಕರಿಸಿದ ಆ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ದೊರೆಯಲು 1985ರ ತನಕ ಕಾಯಬೇಕಾಯಿತು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇ. 25 ಸ್ಥಾನಗಳು ಮೀಸಲಾದವು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಅದಕ್ಕಿಂತ ಆರು ವರ್ಷ ಮೊದಲೇ ಕರ್ನಾಟಕದ ಹಳ್ಳಿಯ ಹೆಣ್ಣುಮಗಳು ಮಂಡಲದ ಕುರ್ಚಿಯಲ್ಲಿ ಕುಳಿತಿದ್ದಳು. ಬಹುಮತವಿಲ್ಲದ ಸರಕಾರ ಬಿತ್ತಿದ ಬೀಜವದು. ಯಾಕೆ ಸಾಧ್ಯವಾಯಿತು? ತನ್ನ ಕೈಯಲ್ಲಿದ್ದ ಅಧಿಕಾರವನ್ನು ಕೆಳಗೆ ಹಂಚಲು ಸಿದ್ಧನಿದ್ದ ಒಬ್ಬ ಸಚಿವರಿದ್ದರು.

ಆ ನಝೀರ್ ಸಾಬರ ನಾಡಿನಲ್ಲಿ ಮುಂದೇನಾಯಿತು? ಜಿಲ್ಲಾ ಮತ್ತು ತಾಲೂಕು ಪಂಚಾಯತುಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು. 2021ರ ಏಪ್ರಿಲ್-ಮೇ ತಿಂಗಳಲ್ಲಿ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಅಂದಿನ ಸರಕಾರ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು ತಾನು ರಚಿಸಿದ ಆಯೋಗಕ್ಕೆ ಕೊಟ್ಟಿತು. ಬಳಿಕ ಹಿಂದುಳಿದ ವರ್ಗಗಳ ಮೀಸಲಾತಿಯ ಅಧ್ಯಯನ, ಬಳಿಕ ಗಡಿ ಗುರುತಿಸುವಿಕೆ. 2022ರ ಡಿಸೆಂಬರಿನಲ್ಲಿ ಹೈಕೋರ್ಟು ವಿಳಂಬಕ್ಕಾಗಿ ಸರಕಾರಕ್ಕೆ ಐದು ಲಕ್ಷ ರೂಪಾಯಿ ದಂಡ ಹಾಕಿತು. 2023ರಲ್ಲಿ ಸರಕಾರ ಬದಲಾಯಿತು, ವಿಳಂಬ ಬದಲಾಗಲಿಲ್ಲ. ನಾಲ್ಕು ವರ್ಷ ಕಳೆದರೂ ಜಿಲ್ಲಾ ಪಂಚಾಯತಿಗೆ ಮತ ಹಾಕುವ ಅವಕಾಶ ಜನರಿಗೆ ಸಿಗಲಿಲ್ಲ. ರಾಜಧಾನಿಯಲ್ಲೂ ಅಷ್ಟೇ. ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಬಳಿಕ ಐದು ವರ್ಷಗಳ ಒಂದು ಇಡೀ ಅವಧಿ ಚುನಾಯಿತ ಸದಸ್ಯರಿಲ್ಲದೆಯೇ ಕಳೆದುಹೋಯಿತು.

ಮೀಸಲಾತಿಯಿಂದಾಗಿಯೇ ಇದೆಲ್ಲ ಎಂದು ಇಲ್ಲಿ ಕೆಲವರು ತೀರ್ಪು ಕೊಟ್ಟುಬಿಡುತ್ತಾರೆ. ಅದು ತಪ್ಪು. ಮೀಸಲಾತಿಯ ಸರದಿ ಮೊದಲೇ ಗೊತ್ತಿದ್ದು, ನಿಯಮದಂತೆ ತಿರುಗುತ್ತಿದ್ದರೆ ಯಾರೂ ಕೋರ್ಟಿಗೆ ಹೋಗಬೇಕಾಗಿರಲಿಲ್ಲ. ಪಟ್ಟಿಯ ಕೀಲಿಕೈ ರಾಜ್ಯ ಸರಕಾರದ ಜೇಬಿನಲ್ಲಿದೆ, ತಮಗೆ ಬೇಕಾದವರಿಗೆ ಬೇಕಾದ ಊರಿನ ಕುರ್ಚಿ ಬರುವಂತೆ ತಿರುಗಿಸಲಾಗುತ್ತದೆ ಎಂಬ ಗುಮಾನಿಯಿಂದಲೇ ದಾವೆಗಳು ಹುಟ್ಟುತ್ತವೆ. ರೋಗ ಮೀಸಲಾತಿಯಲ್ಲ, ಕೀಲಿಕೈ ಬಿಡಲೊಲ್ಲದ ಮನಸ್ಸು. ಶಾಸಕನಿಗೆ ತನ್ನ ಕ್ಷೇತ್ರದಲ್ಲಿ ಬಲವಾದ ಜಿಲ್ಲಾ ಪಂಚಾಯತ್ ಸದಸ್ಯ ಬೇಡ, ಸಚಿವನಿಗೆ ಬಲವಾದ ನಗರಸಭಾಧ್ಯಕ್ಷ ಬೇಡ. ಕುರ್ಚಿ ಖಾಲಿಯಿದ್ದಷ್ಟೂ ಅನುದಾನ ಹಂಚುವ ಕೈ ತಮ್ಮದೇ ಆಗಿರುತ್ತದೆ. ಹಾಗಾಗಿ, ಬಿಕ್ಕಟ್ಟು ಯಾರಿಗೂ ಬೇಡವಾದ ಅನಾಹುತವೆಂದು ನಾವು ತಿಳಿದರೆ ಮೋಸಹೋಗುತ್ತೇವೆ. ಕೆಲವರಿಗೆ ಅದು ಬೇಕಾಗಿದೆ.

ಪರರತ್ತ ಬೆರಳು ತೋರಿಸುವ ಮುನ್ನ ನಮ್ಮ ಅಂಗಳವನ್ನೂ ಒಮ್ಮೆ ನೋಡಿಕೊಳ್ಳೋಣ. ನಮ್ಮ ಎಷ್ಟು ಮೊಹಲ್ಲಾ ಸಮಿತಿಗಳ ಅವಧಿ ಮುಗಿದು ವರ್ಷಗಳಾಗಿವೆ? ಮಹಾಸಭೆ ಕರೆದರೆ ಗಲಾಟೆಯಾಗುತ್ತದೆಂಬ ನೆಪದಲ್ಲಿ ಎಷ್ಟು ಕಡೆ ಲೆಕ್ಕಪತ್ರ ಮಂಡನೆಯಾಗಿಲ್ಲ? ಎರಡು ಬಣಗಳ ಹಠದಿಂದ ಎಷ್ಟು ಶಾಲಾ ಕಟ್ಟಡಗಳ ಕಾಮಗಾರಿ ಅರ್ಧದಲ್ಲಿ ನಿಂತಿದೆ, ಎಷ್ಟು ವಿದ್ಯಾರ್ಥಿವೇತನದ ಹಣ ಬ್ಯಾಂಕಿನಲ್ಲಿ ಕೊಳೆಯುತ್ತಿದೆ? ಸರಕಾರ ಮಾಡಿದರೆ ಪ್ರಜಾಪ್ರಭುತ್ವದ ಕಗ್ಗೊಲೆ, ನಾವು ಮಾಡಿದರೆ ಊರಿನ ಶಾಂತಿ ರಕ್ಷಣೆ ಎಂಬ ತರ್ಕ ನಿಲ್ಲುವಂಥದ್ದಲ್ಲ. ಅವಧಿ ಮುಗಿದೊಡನೆ ಕುರ್ಚಿ ಬಿಟ್ಟು ಲೆಕ್ಕ ಒಪ್ಪಿಸುವ ರೂಢಿ ಮೊಹಲ್ಲಾದಲ್ಲಿ ಬೆಳೆದರೆ, ಅದನ್ನು ವಿಧಾನಸೌಧದಿಂದ ಕೇಳುವ ಧೈರ್ಯವೂ ಬರುತ್ತದೆ.

ಹಾಗಾದರೆ ನಾವೇನು ಮಾಡಬಹುದು? ಮೊದಲನೆಯದಾಗಿ, ಚುನಾವಣೆಯ ಕಾಲದಲ್ಲಿ ಮತ ಕೇಳಲು ಬಂದವರಲ್ಲಿ ರಸ್ತೆ, ದೀಪಗಳ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳೋಣ. ಪಂಚಾಯತು, ನಗರಸಭೆಗಳ ಚುನಾವಣೆಯನ್ನು ಅವಧಿಯೊಳಗೆ ನಡೆಸಲು ನಿಮ್ಮ ಪಕ್ಷ ಬದ್ಧವೇ? ಮೀಸಲಾತಿಯ ಸರದಿಯನ್ನು ಚುನಾವಣೆಗೆ ಮೊದಲೇ ಪ್ರಕಟಿಸುವಿರಾ? ಮೊದಲ ಸಭೆಗೆ ಕಾನೂನಿನಲ್ಲೇ ದಿನ ನಿಗದಿಪಡಿಸುವಿರಾ? ಎರಡನೆಯದಾಗಿ, ಕುರ್ಚಿ ಖಾಲಿಯಿರುವಾಗ ಸುಮ್ಮನಿರದಿರೋಣ. 2005ರ ಮಾಹಿತಿ ಹಕ್ಕು ಕಾಯ್ದೆಯನ್ವಯ ಮೂವತ್ತು ದಿನಗಳೊಳಗೆ ಉತ್ತರ ಕೊಡುವ ಹೊಣೆ ಆಡಳಿತಾಧಿಕಾರಿಯ ಕಚೇರಿಗೂ ಇದೆ. ತೋಡಿನ ಹೂಳಿನ ಲೆಕ್ಕವನ್ನು ಒಬ್ಬ ಸಾಮಾನ್ಯ ನಾಗರಿಕ ಹತ್ತು ರೂಪಾಯಿಯಲ್ಲಿ ಕೇಳಬಹುದು. ಮೂರನೆಯದಾಗಿ, ಪಕ್ಷ ಬದಲಿಸಿ ಮರಳಿ ಮತ ಕೇಳುವವರಿಗೆ, ಅವರು ನಮ್ಮವರೇ ಆಗಿದ್ದರೂ, ಇಲ್ಲವೆನ್ನುವ ಶಿಸ್ತನ್ನು ಬೆಳೆಸಿಕೊಳ್ಳೋಣ. ನಾಲ್ಕನೆಯದಾಗಿ, ಇದನ್ನು ಒಂದು ಸಮುದಾಯದ ಬೇಡಿಕೆಯಾಗಿ ಮಾಡದಿರೋಣ. ಅಂದು ಬನ್ನಂಜೆಯಲ್ಲಿ ನೀರು ನುಗ್ಗಿದಾಗ ಅದು ಯಾರ ಮನೆಯ ಬಾಗಿಲಲ್ಲೂ ಹೆಸರು ಕೇಳಿರಲಿಲ್ಲ. ಹಗ್ಗದ ಆ ತುದಿ ಹಿಡಿದವನಾರು, ಈ ತುದಿ ಹಿಡಿದವನಾರು ಎಂದು ಯಾರೂ ವಿಚಾರಿಸಲಿಲ್ಲ. ನೆರೆಯಲ್ಲಿ ಒಟ್ಟಾದವರು ನಗರಸಭೆಯ ಪ್ರಶ್ನೆಯಲ್ಲಿ ಯಾಕೆ ಒಟ್ಟಾಗಬಾರದು?

ಈ ಸಭೆಯಿಂದ ಹೊರಗಿಳಿದರೆ ನಮಗೆ ತಾಲೂಕು ಆಡಳಿತದ ಮಿನಿ ವಿಧಾನಸೌಧ ಸಿಗುತ್ತದೆ, ಅಂಬೇಡ್ಕರರ ಹೆಸರಿನ ಬಸ್ಸು ನಿಲ್ದಾಣ ಸಿಗುತ್ತದೆ. ಕಟ್ಟಡಗಳಿಗೇನೂ ಕೊರತೆಯಿಲ್ಲ. ಆ ಕಟ್ಟಡಗಳೊಳಗಿನ ಕುರ್ಚಿಯಲ್ಲಿ ಕುಳಿತವರು ನಮಗೆ ಉತ್ತರಿಸಬೇಕಾದವರು ಎಂಬ ಅರಿವು ಮಾತ್ರ ನಮ್ಮಲ್ಲಿ ಕಡಿಮೆ. ಅಂಬೇಡ್ಕರರೂ ಅವರ ಸಂಗಾತಿಗಳೂ ನಮಗೆ ಬಿಟ್ಟುಹೋದದ್ದು ತೂಗುವ ತಕ್ಕಡಿಯನ್ನು. ಅದು ಮೊಳೆಯಲ್ಲಿ ನೇತಾಡುತ್ತಾ ತುಕ್ಕು ಹಿಡಿದರೆ ತಪ್ಪು ನೇತುಹಾಕಿದವರದ್ದು ಮಾತ್ರವಲ್ಲ, ಇಳಿಸಿ ಕೊಡಿ ಎಂದು ಕೇಳದ ನಮ್ಮದೂ ಹೌದು.

ಮುಂದಿನ ಮಳೆಗಾಲಕ್ಕೆ ಇಂದ್ರಾಣಿ ಮತ್ತೆ ತುಂಬುತ್ತದೆ. ಅದಕ್ಕಿಂತ ಮೊದಲು, ಬಜೆಯ ನೀರು ಬತ್ತುವುದಕ್ಕಿಂತಲೂ ಮೊದಲು, ನಮ್ಮ ಪ್ರಶ್ನೆಗಳು ಸಿದ್ಧವಾಗಿರಲಿ.